ಅಲಾಯಿ ಕುಣಿಯ ಸುತ್ತ ಕೂಡಿ ಕುಣಿದವರು ಕೂತು ಮಾತಾಡೋದು ಹೇಗೆ

ನಮ್ಮೂರಲ್ಲಿ ಮೊಹರಂ ಬಂತೆಂದರೆ ಮನೆಗಳೆಲ್ಲ ಖಾಲಿ. ಕೊಪ್ಪಳದಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿಯ ಹಳ್ಳಿ ಅದು. ಮುಸ್ಲಿಮರ ಮನೆ ಎರಡೋ ಮೂರೋ ಇರಬಹುದು. ಆದರೆ ಅಲಾಯಿ ಕುಣಿ (ಮೊಹರಂನಲ್ಲಿ ಸುತ್ತ ಕುಣಿಯೋ ಬೆಂಕಿಯ ಗುಂಡಿ) ತೋಡೋರು, ಕಟ್ಟಿಗೆ ತಂದು ಒಟ್ಟೋರು, ದೇವರು ಅಂದರೆ ಕೈಯಾಕಾರದ ಪಂಜಾ ಹೊರೋರು, ಹುಲಿವೇಷ ಹಾಕೋರು, ಮೊಹರಂನ ರಿವಾಯತ್ ಪದ ಹಾಡೋರು, ಹರಕೆ ತೀರಿಸೋಕೆ ಫಕೀರರಾಗೋರು ಎಲ್ಲ ಜಾತಿಯವರೂ. ಚಿಕ್ಕವನಿದ್ದಾಗ ನನಗೆ ಜ್ವರ ಬಿಡಲಿಲ್ಲ ಅಂತ ಅವ್ವ ಹರಕೆ ಹೊತ್ತಿದ್ದಳು. ನಾನೂ ಕೊರಳಿಗೆ ಲಾಡಿ (ಹರಕೆಯ ದಾರ) ಹಾಕಿಸಿಕೊಂಡು ಫಕೀರನಾಗಿದ್ದೆ. ಸಕ್ಕರೆಗೆ ಫಾತಿಹಾ ಓದಿಸಿ ಹಂಚಿದ್ದು, ಚೊಂಗ್ಯ ಅನ್ನೋ ಸಿಹಿ ತಿಂದದ್ದು ಇನ್ನೂ ನೆನಪಿದೆ.

ಡಿಗ್ರಿಗೆ ಬಂದ ಮೇಲೆ ಪಕ್ಕದ ಬೆಂಚಿನ ದೋಸ್ತ ಒಂದು ದಿನ ಕೇಳಿದ: "ಲೇ, ವರ್ಷಾ ಹಸನ್ ಹುಸೇನ್ ಅಂತ ಕುಣೀತಿಯಲ್ಲ, ಅವರು ಯಾರಂತ ಗೊತ್ತೇನು ನಿನಗ?" ಗೊತ್ತಿರಲಿಲ್ಲ. ಪ್ರವಾದಿಯವರ ಮೊಮ್ಮಗ ಹುಸೇನರು ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಯಜೀದನ ಸೈನ್ಯದ ಎದುರು ಸತ್ತದ್ದು, ಅದು ಮೊಹರಂ ತಿಂಗಳ ಹತ್ತನೇ ದಿನ ಅನ್ನೋದು, ಇದೆಲ್ಲ ಅವನು ಹೇಳಿದ ಮೇಲೇ ತಿಳಿದದ್ದು. ಅವನ ಮನೆಯವರು ಅಲಾಯಿಗೆ ಬರೋದನ್ನೇ ಬಿಟ್ಟಿದ್ದಾರೆ, ಪಂಜಾ ಹೊರೋದು, ಕುಣಿಯೋದು ನಮ್ಮ ಧರ್ಮದಲ್ಲಿ ಇಲ್ಲ ಅಂತಾರೆ ಅನ್ನೋದೂ ಅವತ್ತೇ ಗೊತ್ತಾಯ್ತು. ಅಂದರೆ ನಾನು 'ಅವರ ಹಬ್ಬ' ಅಂತ ಕುಣಿಯುತ್ತಿದ್ದೆ, ಅವನು ಅದನ್ನ 'ನಿಮ್ಮ ಊರವರ ಹಬ್ಬ' ಅಂದುಕೊಂಡಿದ್ದ. ಇಬ್ಬರೂ ಎಷ್ಟೋ ವರ್ಷ ಒಂದೇ ಬಸ್ಸಲ್ಲಿ ಓಡಾಡಿದವರು!

ನಮ್ಮ ಕಡೆ ಕೂಡಿ ಬಾಳೋದು ಗೊತ್ತು, ಕೂಡಿ ಉಣ್ಣೋದೂ ಅಷ್ಟಿಷ್ಟು ಗೊತ್ತು. ಕೇಳೋದು ಮಾತ್ರ ಗೊತ್ತಿಲ್ಲ. ಕೇಳಿದರೆ ಎಲ್ಲಿ ಬೇಜಾರಾಗ್ತಾರೋ ಅಂತ ಸುಮ್ನಿರ್ತೀವಿ. ಸುಮ್ನಿದ್ದ ಜಾಗಕ್ಕೆ ವಾಟ್ಸಾಪ್ ಬಂದು ಕೂತಿದೆ.

ಈಗ ನಾನು ಅತಿಥಿ ಉಪನ್ಯಾಸಕ. ನಾಲ್ಕು ವರ್ಷದಿಂದ ಹುಡುಗ ಹುಡುಗಿಯರ ಒಂದು ಚಿಕ್ಕ ಬಳಗ ನಡೆಸೋಕೆ ಕೈಲಾದಷ್ಟು ಸಹಾಯ ಮಾಡ್ತಿದ್ದೇನೆ. ಬೇರೆ ಬೇರೆ ಧರ್ಮದವರು ಹದಿನೈದು ದಿನಕ್ಕೊಮ್ಮೆ ಕೂತು ಮಾತಾಡೋದು, ಅಷ್ಟೇ. ಬಳ್ಳಾರಿ, ರಾಯಚೂರು ಕಡೆಯ ಕೆಲವರು 'ನಾವೂ ಮಾಡಬೇಕು, ಹೇಗೆ ಶುರು ಮಾಡೋದು' ಅಂತ ಕೇಳ್ತಿರ್ತಾರೆ. ಅವರಿಗಾಗಿ ಇದು. ತಪ್ಪಿದ್ದನ್ನೂ ಬರೆದಿದ್ದೇನೆ, ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಸ್ಟೇಜ್ ಬೇಡ

ಮೊದಲೇ ಹೇಳಿಬಿಡ್ತೀನಿ, ಇದು ಸರ್ವಧರ್ಮ ಸಮ್ಮೇಳನ ಅಲ್ಲ. ಸಮ್ಮೇಳನ ಹೇಗಿರುತ್ತೆ ನಿಮಗೆ ಗೊತ್ತು. ಒಬ್ಬರು ಸ್ವಾಮಿಗಳು, ಒಬ್ಬರು ಮೌಲಾನಾ, ಒಬ್ಬರು ಫಾದರ್, ಮೂವರಿಗೂ ಶಾಲು, ಹಾರ. ಎಲ್ಲ ಧರ್ಮದ ಸಾರ ಒಂದೇ ಅಂತ ಮೂವರೂ ಹೇಳ್ತಾರೆ, ಫೋಟೋ, ಉಪ್ಪಿಟ್ಟು, ವಂದನಾರ್ಪಣೆ. ಅದು ಕೆಟ್ಟದ್ದಲ್ಲ, ಊರಲ್ಲಿ ಗಲಾಟೆ ಆದಾಗ ಆ ಮೂವರು ಒಟ್ಟಿಗೆ ಕಾಣಿಸಿಕೊಳ್ಳೋದಕ್ಕೆ ಬೆಲೆ ಇದೆ. ಆದರೆ ಕೆಳಗೆ ಕೂತ ಮುನ್ನೂರು ಹುಡುಗರಲ್ಲಿ ಒಬ್ಬನೂ ಬಾಯಿ ಬಿಟ್ಟಿರಲ್ಲ. ನಾವು ಮೊದಲ ವರ್ಷ ಮಾಡಿದ್ದು ಅದನ್ನೇ. ಬ್ಯಾನರಿಗೇ ಸಾವಿರಾರು ರೂಪಾಯಿ ಹೋಯಿತು. ಮುಂದಿನ ವಾರ ಅದೇ ಹುಡುಗರು ಕ್ಯಾಂಟೀನಿನಲ್ಲಿ ಜಾತಿವಾರು, ಧರ್ಮವಾರು ಅವರವರ ಟೇಬಲಿಗೇ ಹೋಗಿ ಕೂತರು.

ಹಾಗಾಗಿ ಮೈಕ್ ಇಲ್ಲದ, ಗೋಲಾಗಿ ಕೂರೋ ಕೂಟ.

ಮೊದಲು ನಾಲ್ಕು ಜನ

ನೋಟಿಸ್ ಬೋರ್ಡಿಗೆ ಹಾಕಬೇಡಿ. ಹಾಕಿದರೆ ಎರಡು ಥರದವರು ಬರ್ತಾರೆ: ಮೊದಲೇ ಎಲ್ಲ ಒಪ್ಪಿಕೊಂಡವರು, ಮತ್ತೆ ಜಗಳ ತೆಗೆಯೋಕೆ ಬಂದವರು. ನಡುವಿನವರು ಬರಲ್ಲ, ನಮಗೆ ಬೇಕಾದವರು ಅವರೇ. ನಿಮಗೆ ಗೊತ್ತಿರೋ ಮೂವರನ್ನ ನೀವೇ ಹೋಗಿ ಕರೀರಿ. ನಾಲ್ವರಲ್ಲಿ ಕನಿಷ್ಠ ಇಬ್ಬರು ಹುಡುಗಿಯರಿರಲಿ, ಕನಿಷ್ಠ ಎರಡು ಧರ್ಮದವರಿರಲಿ. ಆಮೇಲೆ ಆ ನಾಲ್ವರು ತಲಾ ಇಬ್ಬರನ್ನ ಕರೆತಂದರೆ ಹನ್ನೆರಡು. ಅದಕ್ಕಿಂತ ಜಾಸ್ತಿ ಆದರೆ ಮಾತು ಹೋಗಿ ಭಾಷಣ ಶುರುವಾಗುತ್ತೆ, ಇನ್ನೊಂದು ಗುಂಪು ಮಾಡಿ.

ಒಂದು ತೊಂದರೆ ಇದೆ. ನಮ್ಮ ಹುಡುಗರು ಇರೋದೇ ಬೇರೆ ಬೇರೆ ಕಡೆ. ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ಲು ಒಂದು ಕಡೆ, ಪರಿಶಿಷ್ಟರಿಗಿರೋ ಸಮಾಜ ಕಲ್ಯಾಣದ ಹಾಸ್ಟೆಲ್ಲು ಇನ್ನೊಂದು ಕಡೆ, ಅಲ್ಪಸಂಖ್ಯಾತರ ಹಾಸ್ಟೆಲ್ಲು ಮತ್ತೊಂದು ಓಣಿಯಲ್ಲಿ. ರಾತ್ರಿ ಊಟಕ್ಕೆ ಕೂತಾಗ ಎದುರಿಗೆ ಇರೋದು ಹೆಚ್ಚುಕಡಿಮೆ ತಮ್ಮಂಥವರೇ. ಹಾಗಾಗಿ ಪ್ರತಿ ಹಾಸ್ಟೆಲ್ಲಿಂದ ಒಬ್ಬರಾದರೂ ಇರೋ ಹಾಗೆ ನೋಡಿಕೊಳ್ಳಿ. ಜೈನರು, ಕ್ರೈಸ್ತರು, ಬೌದ್ಧರು ನಿಮ್ಮ ಕಾಲೇಜಲ್ಲಿ ಒಬ್ಬರೋ ಇಬ್ಬರೋ ಇರಬಹುದು. ಅವರನ್ನ ಕರೆಯುವಾಗ 'ನಿಮ್ಮ ಧರ್ಮದ ಕಡೆಯಿಂದ ಒಬ್ಬರು ಬೇಕಿತ್ತು' ಅನ್ನಬೇಡಿ. ನನ್ನ ಬಾಯಿಂದ ಈ ಮಾತು ಬಂದಿತ್ತು. ಆ ಹುಡುಗಿ, "ಸರ್, ನಾನೇನು ಸ್ಯಾಂಪಲ್ಲಾ?" ಅಂದಳು. ಉತ್ತರ ಇರಲಿಲ್ಲ ನನ್ನ ಹತ್ತಿರ. ದೇವರನ್ನೇ ನಂಬದ ಹುಡುಗನೊಬ್ಬ ಇದ್ದರೆ ಅವನನ್ನೂ ಕರೀರಿ, ಅವನು ಇದ್ದರೆ ಕೂಟಕ್ಕೆ ಖಾರ ಇರುತ್ತೆ.

ಪ್ರಿನ್ಸಿಪಾಲರು, ಅಪ್ಪ ಅಮ್ಮ

ಕಾಲೇಜಿನ ಒಳಗೆ ಮಾಡೋದಾದರೆ ಒಂದು ಪುಟದ ಅರ್ಜಿ ಬರೀರಿ. ಏನು ಮಾಡ್ತೀವಿ ಅನ್ನೋದಕ್ಕಿಂತ ಏನು ಮಾಡಲ್ಲ ಅನ್ನೋದನ್ನ ಸ್ಪಷ್ಟವಾಗಿ ಬರೀರಿ. ಪೂಜೆ ಪ್ರಾರ್ಥನೆ ಮಾಡಿಸಲ್ಲ, ಯಾರನ್ನೂ ಯಾವ ಧರ್ಮಕ್ಕೂ ಕರೆಯಲ್ಲ, ಪಕ್ಷದ ವಿಷಯ ಇಲ್ಲ, ಹೊರಗಿನ ಭಾಷಣಕಾರರನ್ನ ಕರೆಸಲ್ಲ. ಸಂವಿಧಾನದ 28ನೇ ವಿಧಿ ನೆನಪಿರಲಿ. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಕಾಲೇಜಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಅನುದಾನಿತ, ಮಾನ್ಯತೆ ಪಡೆದ ಕಾಲೇಜುಗಳಲ್ಲೂ ಒಪ್ಪಿಗೆ ಇಲ್ಲದೆ ಯಾರನ್ನೂ ಅದಕ್ಕೆ ಕೂರಿಸುವಂತಿಲ್ಲ, ಹದಿನೆಂಟು ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು. ನಮ್ಮದು ಬೋಧನೆ ಅಲ್ಲ, ಮಾತುಕತೆ. ಆದರೂ ಪಿಯುಸಿ ಹುಡುಗರಿದ್ದರೆ ಮನೆಯವರ ಸಹಿ ತಗೊಳ್ಳಿ. ನಾಳೆ ಯಾರಾದರೂ ಬಂದು ಕೇಳಿದರೆ ಆ ಹಾಳೆ ನಿಮ್ಮನ್ನ ಕಾಯುತ್ತೆ.

ಪ್ರಿನ್ಸಿಪಾಲರಿಗೆ ಒಂದು ನೆಪ ಬೇಕಿದ್ದರೆ ಫೆಬ್ರುವರಿ ಮೊದಲ ವಾರ ಇದೆ. ವಿಶ್ವಸಂಸ್ಥೆಯ ಮಹಾಸಭೆ 2010ರಲ್ಲಿ ಆ ವಾರವನ್ನು ವಿಶ್ವ ಸರ್ವಧರ್ಮ ಸಾಮರಸ್ಯ ವಾರ ಅಂತ ಗೊತ್ತು ಮಾಡಿತು. ಸರ್ಕ್ಯುಲರ್ ಮೇಲೆ ಪ್ರೀತಿ ಇರೋ ಮೇಷ್ಟ್ರುಗಳಿಗೆ ಇದು ಬಹಳ ಹಿಡಿಸುತ್ತೆ.

ಮನೆಯವರ ಭಯ ಬೇರೆ ಥರದ್ದು. ಮಗಳು ಬೇರೆ ಧರ್ಮದ ಹುಡುಗರ ಜೊತೆ ಕೂತು ಏನು ಮಾತಾಡ್ತಾಳೆ ಅನ್ನೋ ಭಯ. ಅದನ್ನ ನಗೆಯಾಡಬೇಡಿ. ಒಬ್ಬ ಚಾಚಾ ಎರಡು ಸಲ ಫೋನ್ ಮಾಡಿ ಕೇಳಿದ್ದರು. ಮೂರನೇ ಸಲ ಕೂಟದ ದಿನವೇ ಕರೆದೆವು. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಅರ್ಧ ತಾಸು ಕೂತರು, ಒಗ್ಗರಣೆ ಮಿರ್ಚಿ ತಿಂದರು, 'ಮಾತಾಡ್ರಿ ಮಾತಾಡ್ರಿ' ಅಂದು ಎದ್ದು ಹೋದರು. ಮುಂದೆ ಫೋನ್ ಬರಲಿಲ್ಲ.

ಹೊತ್ತು, ಜಾಗ, ತಿಂಡಿ

ಇದು ಚಿಲ್ಲರೆ ವಿಷಯ ಅನ್ನಿಸುತ್ತೆ. ಕೂಟ ಮುರಿಯೋದು ಇಲ್ಲೇ. ಶುಕ್ರವಾರ ಮಧ್ಯಾಹ್ನ ಇಟ್ಟರೆ ಜುಮ್ಮಾ ನಮಾಜಿನವರು ಬರಲ್ಲ. ಭಾನುವಾರ ಬೆಳಿಗ್ಗೆ ಇಟ್ಟರೆ ಚರ್ಚಿನವರು ಬರಲ್ಲ. ಅಮಾವಾಸ್ಯೆ ದಿನ ಹಳ್ಳಿಯ ಮನೆಗಳಲ್ಲಿ ಕೆಲಸ ಇರುತ್ತೆ. ರಂಜಾನ್ ತಿಂಗಳಲ್ಲಿ ಸಂಜೆ ಇಡಬೇಡಿ, ರೋಜಾ ಬಿಡೋ ಹೊತ್ತಿಗೆ ಅವರು ಮನೆಯಲ್ಲೋ ಮಸೀದಿಯಲ್ಲೋ ಇರಬೇಕು. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ, ಹೋದ ವರ್ಷದ ಕ್ಯಾಲೆಂಡರ್ ನೋಡಿ ಪ್ಲಾನ್ ಮಾಡಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹಳ್ಳಿಯಿಂದ ಬರೋ ಹುಡುಗಿಯರಿಗೆ ಬಸ್ಸಿನ ದುಡ್ಡಿನ ಚಿಂತೆ ಇಲ್ಲ. ಬಸ್ಸಿನ ಟೈಮಿನ ಚಿಂತೆ ಇದ್ದೇ ಇದೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿ, ಅದಕ್ಕೆ ಒಂದು ತಾಸು ಮೊದಲೇ ಮುಗಿಸಿ. ನಾವು ಬುಧವಾರ ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಮಾಡಿಕೊಂಡಿದ್ದೇವೆ. ಏಪ್ರಿಲ್, ಮೇ ಬಿಟ್ಟುಬಿಡಿ. ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನ ಧರ್ಮದ ಮಾತಾಡೋರು ಯಾರೂ ಇಲ್ಲ.

ಜಾಗ ಯಾವ ಧರ್ಮದ್ದೂ ಆಗಿರಬಾರದು, ಮೊದಲ ಕೆಲವು ತಿಂಗಳಾದರೂ. ಕ್ಲಾಸ್ ರೂಂ, ಲೈಬ್ರರಿಯ ಹಿಂದಿನ ವರಾಂಡ, ಮರದ ಕೆಳಗೆ.

ತಿಂಡಿ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಎಲ್ಲರೂ ತಿನ್ನೋ ಒಂದನ್ನೇ ತರಿಸಿ. ಮಂಡಕ್ಕಿ ಒಗ್ಗರಣೆ ಆಗುತ್ತೆ. ಜೈನರ ಹುಡುಗ ಉಳ್ಳಾಗಡ್ಡಿ ತಿನ್ನದಿದ್ದರೆ ಅವನಿಗೆ ಬೇರೆ ತೆಗೆದಿಡಿ, ತೆಗೆದಿಟ್ಟದ್ದನ್ನ ದೊಡ್ಡದಾಗಿ ಹೇಳಬೇಡಿ. ಮನೆಯಿಂದ ಡಬ್ಬಿ ತಂದು ಹಂಚಿಕೊಳ್ಳೋ ದಿನ ಆರು ತಿಂಗಳಾದ ಮೇಲೆ ಇಡಿ. ಮೊದಲ ತಿಂಗಳಲ್ಲೇ ಇಟ್ಟರೆ ಯಾರ ಡಬ್ಬಿಗೆ ಯಾರು ಕೈ ಹಾಕಲಿಲ್ಲ ಅನ್ನೋದೇ ಎಲ್ಲರಿಗೂ ಕಾಣುತ್ತೆ. ನಮ್ಮಲ್ಲಿ ಒಬ್ಬಳ ಡಬ್ಬಿ ಹಾಗೇ ತುಂಬಿ ಉಳಿದಿತ್ತು. ಅವತ್ತು ಅವಳ ಮುಖ ನೋಡಬೇಕಿತ್ತು ನೀವು.

'ನಮ್ಮ ಧರ್ಮದಲ್ಲಿ' ಅನ್ನಬಾರದು, 'ನಮ್ಮ ಮನೇಲಿ' ಅನ್ನಬೇಕು

ಕಟ್ಟುಪಾಡು ಹತ್ತಿಪ್ಪತ್ತು ಬೇಡ. ನಮ್ಮದು ಮುಖ್ಯವಾಗಿ ಇದೊಂದೇ. ಮಾತು ಶುರು ಮಾಡೋವಾಗ 'ನಮ್ಮ ಧರ್ಮದಲ್ಲಿ ಹೀಗೆ ಹೇಳಿದೆ' ಅಂತ ಶುರು ಮಾಡಬಾರದು. 'ನಮ್ಮ ಮನೇಲಿ ಹೀಗೆ ಮಾಡ್ತೀವಿ', 'ನಮ್ಮ ಅಜ್ಜಿ ಹೀಗೆ ಹೇಳ್ತಿದ್ದಳು', 'ನನಗೆ ಇದು ಅರ್ಥ ಆಗಿಲ್ಲ' ಅಂತ ಶುರು ಮಾಡಬೇಕು.

ಯಾಕೆ ಅಂದರೆ, ಹತ್ತೊಂಬತ್ತು ವರ್ಷದ ಹುಡುಗ ಇಡೀ ಧರ್ಮದ ವಕೀಲನಾಗಿ ನಿಂತ ಕೂಡಲೇ ಸೋಲಬಾರದು ಅನ್ನೋ ಹಟ ಬರುತ್ತೆ. ಗೊತ್ತಿಲ್ಲದ್ದನ್ನೂ ಗೊತ್ತಿದೆ ಅಂತಾನೆ. ಎದುರಿನವನೂ ಇನ್ನೊಬ್ಬ ವಕೀಲ. ಆಮೇಲೆ ಅದು ಕೋರ್ಟು. ಮನೆಯ ವಿಷಯಕ್ಕೆ ಯಾರೂ ಎದುರು ವಾದ ಹಾಕೋಕೆ ಆಗಲ್ಲ, 'ನಿಮ್ಮಜ್ಜಿ ಹಾಗೆ ಮಾಡ್ತಿರಲಿಲ್ಲ' ಅಂತ ಯಾರು ಹೇಳ್ತಾರೆ? ಇನ್ನೊಂದು ಲಾಭ ಇದೆ. ಇಬ್ಬರು ಮುಸ್ಲಿಂ ಹುಡುಗಿಯರ ಮನೆಯಲ್ಲಿ ಎರಡು ಪದ್ಧತಿ, ಇಬ್ಬರು ಲಿಂಗಾಯತ ಹುಡುಗರ ಮನೆಯಲ್ಲಿ ಎರಡು ಪದ್ಧತಿ ಅನ್ನೋದು ತಾನಾಗೇ ಹೊರಗೆ ಬರುತ್ತೆ. 'ಅವರೆಲ್ಲ ಹಿಂಗೇ' ಅನ್ನೋ ಮಾತು ಅಲ್ಲೇ ಬಿದ್ದುಹೋಗುತ್ತೆ.

ಈ ಕಟ್ಟುಪಾಡನ್ನ ನಾನು ಕಂಡುಹಿಡಿದದ್ದು ಅಂತ ಜಂಬಪಡುತ್ತಿದ್ದೆ. ಒಂದು ಸಲ ಹುಡುಗರನ್ನ ಗವಿಮಠದ ಗುಡ್ಡದ ಮೇಲಿನ ಅಶೋಕನ ಶಾಸನಕ್ಕೆ ಕರಕೊಂಡು ಹೋಗಿದ್ದೆವು. ನಮ್ಮ ಕೊಪ್ಪಳದಲ್ಲಿ ಅಂಥವು ಎರಡಿವೆ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಅದರ ಕನ್ನಡ ಅರ್ಥ ಬರೆದುಕೊಂಡು ಹೋಗಿ ಓದಿದೆವು. ಅಲ್ಲಿ ರಾಜ ಏನು ಹೇಳ್ತಾನೆ ಗೊತ್ತಾ? ನಾನು ಉಪಾಸಕನಾಗಿ (ಬುದ್ಧನ ದಾರಿ ಹಿಡಿದ ಗೃಹಸ್ಥನಾಗಿ) ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಅಂಥ ಪ್ರಯತ್ನವನ್ನೇನೂ ಮಾಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ಈಗ ಒಂದು ವರ್ಷಕ್ಕೂ ಜಾಸ್ತಿ ಹೊತ್ತಿನಿಂದ ಚೆನ್ನಾಗಿ ಪ್ರಯತ್ನ ಮಾಡ್ತಿದ್ದೇನೆ ಅಂತ. ಚಕ್ರವರ್ತಿ ತನ್ನ ಸೋಮಾರಿತನದ ಲೆಕ್ಕ ಕಲ್ಲಿನ ಮೇಲೆ ಬರೆಸಿದ್ದಾನೆ! ಧರ್ಮ ಹೀಗನ್ನುತ್ತೆ ಅಂತ ಶುರು ಮಾಡದೆ, ನಾನು ಹೀಗಿದ್ದೆ ಅಂತ ಶುರು ಮಾಡಿದ್ದಾನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅವನ ಇನ್ನೊಂದು ಶಾಸನ, ಹನ್ನೆರಡನೆಯದು, ಇದೇ ವಿಷಯದ್ದು. ತನ್ನ ಪಂಥವನ್ನ ಹೊಗಳಿಕೊಂಡು ಬೇರೆಯವರದ್ದನ್ನ ಹಳಿಯಬೇಡಿ, ನಾಲಿಗೆಯ ಮೇಲೆ ಹಿಡಿತ ಇರಲಿ, ಒಬ್ಬರ ಧರ್ಮವನ್ನ ಒಬ್ಬರು ಕೇಳಿಸಿಕೊಳ್ಳಿ ಅನ್ನುತ್ತೆ. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು ನಮ್ಮ ಮಗ್ಗುಲಲ್ಲೇ ಬಿದ್ದಿದೆ. ರಾಯಚೂರಿನವರಿಗೆ ಮಸ್ಕಿ ಇದೆ. 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ರಾಜನ ಹೆಸರು ಅಶೋಕ ಅಂತಲೇ ಇದೆ. ಒಂದು ಕೂಟವನ್ನ ಅಲ್ಲೇ ಇಟ್ಟುಕೊಳ್ಳಿ, ನೀರಿನ ಬಾಟಲಿ ಮರೀಬೇಡಿ.

ಉಳಿದ ಕಟ್ಟುಪಾಡು ಚಿಕ್ಕವು. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಇಲ್ಲಿ ಕೇಳಿದ ಮನೆ ವಿಷಯ ಹೊರಗೆ ಹೇಳಬಾರದು. ಉತ್ತರ ಕೊಡೋಕೆ ಇಷ್ಟ ಇಲ್ಲ ಅಂದರೆ 'ಮುಂದೆ' ಅಂದರೆ ಸಾಕು, ಯಾಕೆ ಅಂತ ಯಾರೂ ಕೇಳಲ್ಲ.

ಮೊದಲ ಕೂಟಕ್ಕೆ ಉಪವಾಸ

ಮೊದಲ ದಿನವೇ ದೇವರು ಒಬ್ಬನೋ ಹಲವರೋ ಅಂತ ಶುರು ಮಾಡಬೇಡಿ. ಉಪವಾಸದಿಂದ ಶುರು ಮಾಡಿ. ನಾನು ಕಂಡ ಹಾಗೆ ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ. ಒಬ್ಬಳು ಶ್ರಾವಣ ಸೋಮವಾರದ ಒಪ್ಪತ್ತಿನ ಬಗ್ಗೆ ಹೇಳ್ತಾಳೆ. ಇನ್ನೊಬ್ಬ ರೋಜಾ ಬಗ್ಗೆ, ನೀರೂ ಕುಡಿಯದೆ ಬಿಸಿಲಲ್ಲಿ ಕಬಡ್ಡಿ ಪ್ರಾಕ್ಟೀಸಿಗೆ ಹೋದದ್ದರ ಬಗ್ಗೆ. ಕ್ಯಾಥೊಲಿಕ್ ಹುಡುಗಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮೊಬೈಲ್ ಗೇಮ್ ಬಿಟ್ಟದ್ದು. ಜೈನ ಹುಡುಗ ಪರ್ಯೂಷಣದಲ್ಲಿ ಅವರ ಅಜ್ಜಿ ಎಂಟು ದಿನ ಬರೀ ಕಾಯಿಸಿದ ನೀರಲ್ಲಿ ಇದ್ದದ್ದು. ನಂಬದ ಹುಡುಗ, ನಮ್ಮ ಮನೇಲಿ ದುಡ್ಡಿಲ್ಲದೆ ಎಷ್ಟೋ ಉಪವಾಸ ಆಗಿದೆ ಅಂತಾನೆ. ಅವತ್ತು ಎಲ್ಲರೂ ಸ್ವಲ್ಪ ಹೊತ್ತು ಸುಮ್ನಾದರು.

ಪ್ರಶ್ನೆ ಹೀಗಿರಲಿ: ಮೊದಲ ಸಲ ಮಾಡಿದಾಗ ಎಷ್ಟು ವಯಸ್ಸು? ಕದ್ದು ತಿಂದದ್ದು ಇದೆಯಾ? (ಎಲ್ಲರೂ ತಿಂದಿರ್ತಾರೆ.) ಯಾರ ಸಲುವಾಗಿ ಮಾಡಿದ್ರಿ? ಎರಡನೇ ಕೂಟಕ್ಕೆ ಸಾವು, ಅಂದರೆ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಏನೇನು ಮಾಡಿದಿರಿ ಅನ್ನೋದು. ಭಾರ ಅನ್ನಿಸಿದರೆ ಮದುವೆ ಇಟ್ಟುಕೊಳ್ಳಿ. ಮೂರನೆಯದಕ್ಕೆ ಹೆಸರು: ನಿಮಗೆ ಈ ಹೆಸರು ಯಾಕೆ ಇಟ್ಟರು? ನಮ್ಮ ಕಡೆ ಹಿಂದೂಗಳ ಮನೆಯಲ್ಲೂ ಹುಸೇನಪ್ಪ, ಫಕೀರಪ್ಪ, ಲಾಲಸಾಬ ಅನ್ನೋ ಹೆಸರಿರುತ್ತೆ. ಅದರ ಹಿಂದೆ ಒಂದೊಂದು ಹರಕೆಯ ಕಥೆ ಇರುತ್ತೆ.

ಧರ್ಮಗ್ರಂಥದ ಮಾತು ಆಮೇಲೆ ಬರಲಿ. ಬಂದಾಗ ಎಲ್ಲರೂ ತಮ್ಮದರಿಂದ ಐದಾರು ಸಾಲು ತರಲಿ, ತಮಗೆ ಇಷ್ಟವಾದದ್ದೊಂದು, ಅರ್ಥವಾಗದ್ದೊಂದು. ಕನ್ನಡದಲ್ಲೇ ತರಲಿ. ಬಳ್ಳಾರಿಯವರು ಆ ದಿನ ಒಂದು ಸಂಗತಿ ಹೇಳಬಹುದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು, ಬೈಬಲನ್ನು ಕನ್ನಡಕ್ಕೆ ತರೋ ಕೆಲಸಕ್ಕೆ ಕೈ ಹಾಕಿದ್ದು ಅಲ್ಲೇ. ಹೊರಗಿನ ದೇವರ ಮಾತಿಗೆ ಕನ್ನಡದ ಪದ ಹುಡುಕೋದು ಎಂಥ ಪೇಚು ಅಂತ ಒಂದು ತಾಸು ಮಾತಾಡಬಹುದು.

ಜಾತಿ ಬಿಟ್ಟು ಮಾತಾಡಿದರೆ ಅರ್ಧ ಸುಳ್ಳು

ಎರಡನೇ ವರ್ಷ ಒಬ್ಬ ಹುಡುಗ ಎದ್ದು ನಿಂತು ಹೇಳಿದ, "ಸರ್, ಇಲ್ಲಿ ಎಲ್ಲಾರೂ ನಮ್ಮ ಗುಡಿ ನಮ್ಮ ಗುಡಿ ಅಂತಾರ್ರಿ, ನಾನು ನಮ್ಮೂರ ಗುಡಿ ಒಳಗ ಹೋಗಿಲ್ರಿ." ಅವತ್ತಿನವರೆಗೆ ನಾವು ಹಿಂದೂ, ಮುಸ್ಲಿಂ, ಕ್ರೈಸ್ತ ಅಂತ ಮೂರು ಡಬ್ಬಿ ಮಾಡಿಕೊಂಡು ಮಾತಾಡ್ತಿದ್ದೆವು. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಮಳೆ ಬಂತು ಅಂತ ಗುಡಿಯೊಳಗೆ ಓಡಿದ ದಲಿತರ ಎಳೆ ಮಗುವಿನ ಮನೆಯವರಿಗೆ ದಂಡ ಹಾಕಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಅದು ನಮ್ಮದೇ ಜಿಲ್ಲೆ. ಬೇರೆ ಧರ್ಮದವರ ಜೊತೆ ಸೌಹಾರ್ದದ ಮಾತಾಡ್ತಾ ನಮ್ಮ ಧರ್ಮದೊಳಗಿನ ಬಾಗಿಲ ಬಗ್ಗೆ ಸುಮ್ನಿದ್ದರೆ ಆ ಹುಡುಗ ಮುಂದಿನ ಸಲ ಬರಲ್ಲ, ಬರಬೇಕಾಗೂ ಇಲ್ಲ.

ಜಾತಿಗೆ ಅಂತಲೇ ಒಂದು ಕೂಟ ಇಡಿ. ಅವತ್ತು ಮಾತ್ರ ಕ್ರಮ ಬದಲಿಸಿ: ಅನುಭವಿಸಿದವರು ಮೊದಲು, ಬೇರೆಯವರು ಆಮೇಲೆ. 'ಈಗ ಅದೆಲ್ಲಾ ಎಲ್ಲಿದೆ' ಅನ್ನೋ ಮಾತನ್ನ ಮುಂಚೆಯೇ ನಿಷೇಧ ಮಾಡಿ. ಜಾತಿ ಮುಸ್ಲಿಮರಲ್ಲೂ ಇದೆ, ಕ್ರೈಸ್ತರಲ್ಲೂ ಇದೆ ಅಂತ ಅವರೇ ಹೇಳಿದರೆ ಕೇಳಿ, ನೀವು ಹೇಳಿಕೊಡಬೇಡಿ.

ಬಿಸಿ ವಿಷಯ ಬಂದಾಗ

ಬಂದೇ ಬರುತ್ತೆ. ಹಿಜಾಬು, ಮಾಂಸ, ಧ್ವನಿವರ್ಧಕ, ಮತಾಂತರ, ಪ್ರೀತಿ ಮದುವೆ, ಯಾವುದೋ ಊರಿನ ಮೆರವಣಿಗೆ. ತಡೆಯಬೇಡಿ, ಆದರೆ ಬಂದ ದಿನವೇ ಚರ್ಚೆಗೂ ತಗೋಬೇಡಿ. ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಮುಂದಿನ ಕೂಟಕ್ಕೆ ಇಡಿ. ಹದಿನೈದು ದಿನದಲ್ಲಿ ಅರ್ಧ ಕಾವು ಇಳಿದಿರುತ್ತೆ. ಇಳಿಯದಿದ್ದರೆ ಅದು ನಿಜಕ್ಕೂ ಮಾತಾಡಲೇಬೇಕಾದ ವಿಷಯ.

ಹಿಜಾಬಿನ ವಿಷಯ ನಾವು ಹೀಗೆ ಮಾಡಿದೆವು. ಇಬ್ಬರು ಸೇರಿ, ಒಬ್ಬಳು ಮುಸ್ಲಿಂ ಹುಡುಗಿ, ಒಬ್ಬ ಹಿಂದೂ ಹುಡುಗ, ನಡೆದದ್ದನ್ನ ಮಾತ್ರ ಒಂದು ಹಾಳೆಯಲ್ಲಿ ಬರೆದು ತಂದರು. ಹೈಕೋರ್ಟಿನ ಪೂರ್ಣಪೀಠ 2022ರ ಮಾರ್ಚ್ 15ರಂದು ಸಮವಸ್ತ್ರದ ಬಗ್ಗೆ ಸರ್ಕಾರ ಹೊರಡಿಸಿದ್ದ ಆದೇಶವನ್ನ ಎತ್ತಿಹಿಡಿದದ್ದು, ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟದ್ದು. ಐದು ನಿಮಿಷ ಓದಿದರು. ಕೂತವರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಒಂದಾಗಲಿಲ್ಲ ಅನ್ನೋದೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಆದರೆ ಅದರ ಮೇಲೆ ವರ್ಷಗಟ್ಟಲೆ ವಾದ ಮಾಡಿದ್ದರು. ಆಮೇಲೆ ಒಂದೇ ಪ್ರಶ್ನೆ: ಗಲಾಟೆ ನಡೆದ 2022ರ ಫೆಬ್ರುವರಿಯಲ್ಲಿ ನೀವು ಎಲ್ಲಿದ್ದಿರಿ, ನಿಮ್ಮ ಜೊತೆ ಏನಾಯ್ತು? ಏನಾಗಬೇಕಿತ್ತು ಅನ್ನೋದು ಬೇಡ. ಒಬ್ಬ ಹುಡುಗ, ಯಾರೋ ಕೊಟ್ಟ ಶಾಲು ಹಾಕಿಕೊಂಡು ಗೇಟಿಗೆ ಹೋಗಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ ಅಂದ. ಒಬ್ಬಳು, ಪ್ರಾಕ್ಟಿಕಲ್ ತಪ್ಪಿತು ಅಂದಳು. ಅವರಿಬ್ಬರ ಅಭಿಪ್ರಾಯ ಅವತ್ತೇನೂ ಬದಲಾಗಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಒಟ್ಟಿಗೆ ನಡೆದುಕೊಂಡು ಹೋದರು, ಅಷ್ಟು ಕಂಡೆ.

ಜಗಳ ಹತ್ತಿದರೆ? ನಿಲ್ಲಿಸಿ, ಚಹಾ ಕುಡೀರಿ. ಆಮೇಲೆ ಎದುರಿನವರು ಹೇಳಿದ್ದನ್ನ ಅವರಿಗೆ ಒಪ್ಪಿಗೆಯಾಗೋ ಹಾಗೆ ತಿರುಗಿ ಹೇಳಿ, ಅವರು 'ಹೌದು, ಇದೇ ನಾನು ಹೇಳಿದ್ದು' ಅಂದ ಮೇಲೆ ನಿಮ್ಮ ಉತ್ತರ. ಬಹಳ ಸಲ ಅಲ್ಲೇ ಗೊತ್ತಾಗುತ್ತೆ, ಅವರು ಹೇಳದ್ದಕ್ಕೆ ನಾವು ಸಿಟ್ಟಾಗಿದ್ದೆವು ಅಂತ. ಒಬ್ಬರು ಬೇಕಂತಲೇ ಪದೇ ಪದೇ ಚುಚ್ಚಿದರೆ ಕೂಟದಿಂದ ಕಳಿಸಿಬಿಡಿ. ಎಲ್ಲರನ್ನೂ ಸಂಭಾಳಿಸೋದು ನಿಮ್ಮ ಕೆಲಸ ಅಲ್ಲ.

ಗುಡಿ, ಮಸೀದಿ, ಚರ್ಚಿಗೆ ಹೋಗುವಾಗ

ನಾಲ್ಕೈದು ತಿಂಗಳಾದ ಮೇಲೆ ಹೋಗಿ. ಹಿಂದಿನ ದಿನ ಅಲ್ಲಿನವರನ್ನ ಕೇಳಿಯೇ ಹೋಗಿ. ಹುಡುಗಿಯರಿಗೆ ಒಳಗೆ ಪ್ರವೇಶ ಇದೆಯಾ, ಎಲ್ಲಿವರೆಗೆ, ಇದು ಮಸೀದಿಯಿಂದ ಮಸೀದಿಗೆ, ದರ್ಗಾದಿಂದ ದರ್ಗಾಕ್ಕೆ, ಕೆಲವು ಗುಡಿಗಳಲ್ಲೂ ಬೇರೆ ಬೇರೆ. ಬಾಗಿಲಿಗೆ ಹೋದ ಮೇಲೆ ಗೊತ್ತಾದರೆ ಅವಮಾನ. ಬಸದಿಗೆ ಹೋಗುವಾಗ ಚರ್ಮದ ಬೆಲ್ಟು, ಪರ್ಸು ಬೇಡ. ಕ್ಯಾಥೊಲಿಕ್ ಚರ್ಚಿನಲ್ಲಿ ಪೂಜೆ ಹೊತ್ತಿಗೆ ಹೋದರೆ ಪರಮಪ್ರಸಾದ ಕೊಡುವಾಗ ಸಾಲಲ್ಲಿ ನಿಲ್ಲಬೇಡಿ, ಅದು ನಮ್ಮ ಪ್ರಸಾದದ ಹಾಗೆ ಬಂದವರಿಗೆಲ್ಲ ಹಂಚೋದಲ್ಲ.

ನಮ್ಮ ಕಡೆ ಅತಿಥಿ ಬಂದರೆ ವಿಭೂತಿಯೋ ಕುಂಕುಮವೋ ಹಚ್ಚಿಬಿಡ್ತಾರೆ, ಮರ್ಯಾದೆಗೆ ಅಂತ. ಹಚ್ಚೋ ಮುಂಚೆ ಕೇಳಿ. ಪ್ರಸಾದ ಬೇಡ ಅಂದರೆ, ಓದಿಸಿದ ಸಕ್ಕರೆ ಬೇಡ ಅಂದರೆ ಮುಖ ಸಣ್ಣ ಮಾಡಬೇಡಿ. ಅದು ಅವರ ನಂಬಿಕೆಯ ಗೆರೆ, ನಿಮ್ಮ ಮೇಲಿನ ಸಿಟ್ಟಲ್ಲ. ಬೇಡ ಅನ್ನುವವರು ಎದೆ ಮೇಲೆ ಕೈ ಇಟ್ಟು ನಗುತ್ತಾ ಬೇಡ ಅಂದರೆ ಮುಗೀತು.

ದಿನವಿಡೀ ಪ್ರವಾಸ ಆಗುತ್ತೆ ಅಂದರೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹೋಗಿ ಬನ್ನಿ. ಕೋಟೆ ಇದೆ, ಹೆಸರಾದ ಮೊಹರಂ ಇದೆ, ಆದಿಲ್‌ಶಾಹಿ ಕಾಲದಿಂದ ಬಂದ ಕ್ಯಾಥೊಲಿಕ್ ಕ್ರೈಸ್ತರ ನೆಲೆಯೂ ಇದೆ. ಸಣ್ಣ ಊರು, ನಡೆದುಕೊಂಡೇ ನೋಡಬಹುದು.

ಕೈಗೆ ಕೆಲಸ ಕೊಡಿ

ಮಾತೇ ಆದರೆ ಮಾತುಗಾರರು ಮಾತ್ರ ಉಳೀತಾರೆ. ಅಮೆರಿಕದ ಶಿಕಾಗೋದಲ್ಲಿ ಈಬೂ ಪಟೇಲ್ ಅನ್ನೋರು 2002ರಲ್ಲಿ ಇಂಟರ್‌ಫೇತ್ ಯೂತ್ ಕೋರ್ ಅಂತ ಶುರು ಮಾಡಿದರು. ಬೇರೆ ಬೇರೆ ಧರ್ಮದ ಹುಡುಗರು ಮೊದಲು ಕೂಡಿ ಒಂದು ಸೇವೆ ಮಾಡಲಿ, ಅದನ್ನ ಯಾಕೆ ಮಾಡಿದಿರಿ ಅಂತ ಆಮೇಲೆ ಮಾತಾಡಲಿ ಅನ್ನೋದು ಅವರ ದಾರಿ. ನಮಗೆ ಇದು ಹೊಸದೇನಲ್ಲ. 2019ರಲ್ಲಿ ಗವಿಮಠದ ಅಜ್ಜಾರು (ಸ್ವಾಮಿಗಳು) ಮುಂದೆ ನಿಂತು ಕೊಪ್ಪಳದ ಹಿರೇಹಳ್ಳ ಸ್ವಚ್ಛ ಮಾಡಿಸಿದಾಗ ಹಳ್ಳಕ್ಕೆ ಇಳಿದವರು ಒಂದೇ ಮಠದ ಭಕ್ತರಲ್ಲ. ಜನವರಿ ಹೊತ್ತಿಗೆ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಲ್ಲಿ ಬಡಿಸೋಕೆ ಕೈ ಬೇಕೇ ಬೇಕು. ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರ ಇನ್ನೂ ಒಳ್ಳೆಯದು. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಒಲೆಯಲ್ಲಿ ಬೇಯಿಸಿ ಉಂಡಾಗ ಬೆಳಿಗ್ಗೆ ಯಾರು ಎಷ್ಟೊತ್ತಿಗೆ ಏಳ್ತಾರೆ, ಯಾರು ಏನು ಹೇಳಿಕೊಂಡು ಮಲಗ್ತಾರೆ ಎಲ್ಲ ಗೊತ್ತಾಗುತ್ತೆ. ಶಿಬಿರದ ರಾತ್ರಿ ಒಂದು ಪ್ರಶ್ನೆ ಸಾಕು: ಇವತ್ತು ಗಟಾರ ಬಳಿದೆವಲ್ಲ, ಇಂಥ ಕೆಲಸಕ್ಕೆ ನಿಮ್ಮ ಮನೇಲಿ ಏನಂತಾರೆ?

ಮೊಬೈಲು

ವಾಟ್ಸಾಪ್ ಗ್ರೂಪು ಬೇಕು, ಆದರೆ ಹೊತ್ತು ಮತ್ತು ಜಾಗ ತಿಳಿಸೋಕೆ ಮಾತ್ರ. ಅಡ್ಮಿನ್‌ಗಳಷ್ಟೇ ಮೆಸೇಜ್ ಹಾಕೋ ಹಾಗೆ ಸೆಟ್ ಮಾಡಿ, ಅಡ್ಮಿನ್ ಇಬ್ಬರಿರಲಿ, ಎರಡು ಧರ್ಮದವರು. ಕೂಟದ ಫೋಟೋ ಎಲ್ಲಿಯೂ ಹಾಕಬೇಡಿ. ಹಾಕಿ ಅನುಭವಿಸಿದ್ದೇವೆ. ಒಂದು ಫೋಟೋದಲ್ಲಿ ಪಕ್ಕಪಕ್ಕ ಕೂತಿದ್ದ ಇಬ್ಬರನ್ನ ಮಾತ್ರ ಕತ್ತರಿಸಿ ಯಾರೋ ಏನೋ ಬರೆದು ಹರಿಬಿಟ್ಟರು. ಆ ಹುಡುಗಿ ಒಂದು ತಿಂಗಳು ಕಾಲೇಜಿಗೆ ಬರಲಿಲ್ಲ. ಅದರ ಸಂಕಟ ನನಗೆ ಇನ್ನೂ ಇದೆ, ಫೋಟೋ ತೆಗೆದವನು ನಾನೇ.

ಬೆಂಕಿ ಹಚ್ಚೋ ವಿಡಿಯೋ ಬಂದಾಗ ಗ್ರೂಪಿಗೆ ಹಾಕದೆ ಕೂಟಕ್ಕೆ ತನ್ನಿ. ಅದರ ಒಂದು ಚಿತ್ರ ತೆಗೆದು ಗೂಗಲ್ ಲೆನ್ಸಿಗೆ ಹಾಕಿ ಎಲ್ಲರೂ ಸೇರಿ ಹುಡುಕಿ. ನಮ್ಮೂರದ್ದು ಅಂತ ಬಂದದ್ದು ಎಷ್ಟೋ ಸಲ ಬೇರೆ ರಾಜ್ಯದ್ದು, ಬೇರೆ ದೇಶದ್ದು, ಐದು ವರ್ಷ ಹಳೆಯದು. ನಿಜವೇ ಆಗಿದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ.

ವರ್ಷ ಮುಗಿಯುವಾಗ

ಫೈನಲ್ ವರ್ಷದವರು ಹೋಗ್ತಾರೆ, ಬಳಗ ಅಲ್ಲಿಗೇ ನಿಲ್ಲುತ್ತೆ. ಅದಕ್ಕೇ ಪ್ರತಿ ಕೂಟವನ್ನ ನಡೆಸೋ ಕೆಲಸ ಸರದಿಯಲ್ಲಿ ಬರಲಿ, ಸೀನಿಯರ್ ಒಬ್ಬ, ಜೂನಿಯರ್ ಒಬ್ಬಳು. ನನ್ನಂಥ ಮೇಷ್ಟ್ರು ಹಿಂದಿನ ಸಾಲಲ್ಲಿ ಕೂರಲಿ, ಬಾಯಿ ಮುಚ್ಚಿಕೊಂಡು. ಇದು ನನಗೆ ಬಹಳ ಕಷ್ಟದ ಕೆಲಸ.

ಒಂದು ನೋಟ್‌ಬುಕ್ ಇಡಿ. ಯಾರು ಏನಂದರು ಅಂತ ಬರೆಯಬೇಡಿ, ಉತ್ತರ ಸಿಗದ ಪ್ರಶ್ನೆಗಳನ್ನ ಮಾತ್ರ ಬರೆದಿಡಿ. ಹೋಗುವವರು ಅದನ್ನ ಬರುವವರ ಕೈಗೆ ಕೊಟ್ಟು ಹೋಗಲಿ. ನಮ್ಮದರಲ್ಲಿ ಈಗ ಅರವತ್ತರ ಮೇಲೆ ಪ್ರಶ್ನೆಗಳಿವೆ. ನಂಬದವನು ಸತ್ತರೆ ಯಾವ ಪದ್ಧತಿಯಲ್ಲಿ ಮಣ್ಣು ಮಾಡೋದು ಅನ್ನೋದು ಒಂದು. ತೀರ ಈಚೆಗೆ ಯಾರೋ ಪೆನ್ಸಿಲ್ಲಿನಲ್ಲಿ ಬರೆದದ್ದು ಇದು: ಶುಕ್ರವಾರ ಒಂದೂವರೆಗೆ ಇಂಟರ್ನಲ್ ಟೆಸ್ಟ್ ಇಡಬೇಡಿ ಅಂತ ಸರ್‌ಗೆ ಹೇಳೋರು ಯಾರು, ನಾವಾ ನೀವಾ?